ಶಿವಪುತ್ರಪ್ಪ ಕೂರಿಸಿದ ಕೆಂಪು ಚುಕ್ಕೆ

ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನ ನಮ್ಮ ಬೀದಿಯಲ್ಲಿ ಶಿವಪುತ್ರಪ್ಪನವರ ಬಗ್ಗೆ ಎರಡು ಮಾತು ಓಡಾಡುತ್ತಿದ್ದವು. ಒಂದು, "ಮನೆಯೊಳಗೆ ಕಣಜದ ಹುಳ ಬಂದ್ರೆ ಲೋಟ ಮುಚ್ಚಿ, ಅಡಿಗೆ ಕಾಗದ ತೂರಿಸಿ, ಹಿತ್ತಿಲಿಗೆ ಬಿಟ್ಟು ಬರೋ ಮನುಷ್ಯ." ಇನ್ನೊಂದು, "ಬಿಟ್ಟು ಬಂದು ಕೈ ತೊಳ್ಕೊಂಡು ಕೋವಿ ಅಂಗಡಿ ಕೆಲಸಕ್ಕೆ ಹೋಗ್ತಾರೆ." ಎರಡನ್ನೂ ಒಂದೇ ಉಸಿರಿಗೆ ಹೇಳಿ ನಗುವುದು ಪಕ್ಕದ ಮನೆಯ ಲಕ್ಷ್ಮೀನಾರಾಯಣರ ಅಭ್ಯಾಸ.

ನಗಲಿ ಬಿಡಿ, ಮಾತು ಸುಳ್ಳೇನಲ್ಲ. ಹುಬ್ಬಳ್ಳಿಯಲ್ಲಿ ಇಪ್ಪತ್ತೆರಡು ವರ್ಷ ಅವರು ಸರ್ವೆಯವರ ದುರ್ಬೀನು ರಿಪೇರಿ ಮಾಡಿದವರು. ಹೆಂಡತಿ ಶಕುಂತಲಾ ನರ್ಸ್. ಅವರಿಗೆ ಹ್ಯೂಸ್ಟನ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಾಗ ಇವರು ಪುಟ್ಟ ಪುಟ್ಟ ಸ್ಕ್ರೂಡ್ರೈವರುಗಳ ಡಬ್ಬಿ ಹಿಡಿದು ಹಿಂದೆ ಬಂದರು. ಅಲ್ಲಿನ ಕೋವಿ ಅಂಗಡಿಯಲ್ಲಿ ಕೆಟ್ಟಿದೆ ಎಂದು ಪಕ್ಕಕ್ಕಿಟ್ಟಿದ್ದ ಒಂದು ಸ್ಕೋಪನ್ನು, ಅಂದರೆ ಕೋವಿಯ ದುರ್ಬೀನನ್ನು, ಬಿಚ್ಚಿ ಸರಿಮಾಡಿ ಕೊಟ್ಟದ್ದೇ ತಡ, ಅಂಗಡಿಯ ಯಜಮಾನ ಅವರಿಗೊಂದು ಸ್ಟೂಲು ಹಾಕಿಕೊಟ್ಟ. ಮೊಟ್ಟೆ ಕೂಡ ಮುಟ್ಟದ ಲಿಂಗಾಯತರು, ದಿನಬೆಳಗೂ ಇಷ್ಟಲಿಂಗ ಪೂಜೆ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಹೋಗಿ ಬಂದೂಕಿನ ಮೇಲೆ ಗುರಿಯ ಗಾಜು ಕೂರಿಸುತ್ತಿದ್ದರು. ಅವರು ಕೂರಿಸಿದ್ದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಕಾಗದಕ್ಕೆ ಗುಂಡು ಹೊಡೆದು ನೋಡಿ, ಗುರಿಯನ್ನು ಆಚೀಚೆ ಸರಿಸುವ ತಿರುಪನ್ನು ಹೊಂದಿಸಿ, ಅದು ನಿಂತ ಜಾಗಕ್ಕೆ ಸೂಜಿಮೊನೆಯಿಂದ ಒಂದು ಬಿಳಿ ಗೆರೆ ಎಳೆಯುತ್ತಿದ್ದರು. ಆ ಗೆರೆಯೇ ಅವರ ರುಜು.

ಮಾರ್ಚ್ ತಿಂಗಳಲ್ಲಿ ಅವರ ಹೆಸರು ಕೇಳಿ ನಾಲ್ಕು ಗಂಟೆ ದಾರಿಯ ಫ್ರಿಸ್ಕೋದಿಂದ ರಘುನಂದನ ಅಂಗಡಿಗೆ ಬಂದ. ಮಂಡ್ಯ ಕಡೆಯ ಹುಡುಗ, ಲಾಸ್ ಕೊಲಿನಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಅವನ ಮ್ಯಾನೇಜರ್ ಪ್ರತಿ ವಸಂತದಲ್ಲೂ ಟರ್ಕಿ ಕೋಳಿ ಬೇಟೆಗೆ ಹೋಗುವವನು. ತಾನೂ ಜೊತೆಗೆ ಹೋಗಬೇಕೆಂದು ಲೈಸೆನ್ಸ್ ಮಾಡಿಸಿ ಶಾಟ್‌ಗನ್ ಕೊಂಡಿದ್ದ.

"ಅಂಕಲ್, ಇದಕ್ಕೊಂದು ರೆಡ್ ಡಾಟ್ ಹಾಕ್ಕೊಡಿ. ನಮ್ಮ ಮ್ಯಾನೇಜರ್ ಹತ್ರ ಅದೇ ಇರೋದು."

"ಮ್ಯಾನೇಜರನ ಕಣ್ಣು ನಿನ್ನ ಮಾರಿ ಮ್ಯಾಗ ಅದಾವೇನು?" ಎಂದರು ಶಿವಪುತ್ರಪ್ಪ.

ಎರಡು ಗಾಜು ತಂದು ಅವನ ಮುಂದಿಟ್ಟರು. ಒಂದು ರೆಡ್ ಡಾಟ್, ಬೆಂಕಿಪೊಟ್ಟಣದಷ್ಟು ಕಿಟಕಿ. ಇಣುಕಿದರೆ ಕೆಂಪು ಚುಕ್ಕೆಯೊಂದು ತೇಲುತ್ತದೆ. ಚುಕ್ಕೆ ಎಲ್ಲೋ ಶಾಟ್‌ಗನ್ ಉಗುಳುವ ಸೀಸದ ಚರೆ ಅಲ್ಲಿ. ಇನ್ನೊಂದು ಗಿಡ್ಡ ಸ್ಕೋಪು, ಇದ್ದದ್ದನ್ನು ಮೂರರಷ್ಟು ಹತ್ತಿರ ತಂದು ತೋರಿಸುವಂಥದ್ದು.

"ಇದನ್ನ ತಗೋ ತಮ್ಮಾ" ಎಂದು ಸ್ಕೋಪಿನ ಮೇಲೆ ಬೆರಳಿಟ್ಟರು. "ಆ ಚುಕ್ಕಿ ಎಲ್ಲಿ ಹೊಡೀತಿ ಅಂತ ಹೇಳತೈತಿ. ಏನು ಹೊಡೀತಿ ಅಂತ ಹೇಳೂದಿಲ್ಲ."

"ಭಾರ ಅಂಕಲ್ ಅದು. ಕೋಳಿ ಹೊಡಿಯೋಕೆ ದುರ್ಬೀನು ಯಾಕೆ? ನಾನೇನು ಚಂದ್ರನ್ನ ನೋಡ್ಬೇಕಾ?"

"ಆತಪಾ, ಹೊಡಿಯಾಂವ ನೀನು." ರೆಡ್ ಡಾಟನ್ನೇ ಕೂರಿಸಿ, ಕಾಗದದ ಮೇಲೆ ಹೊಡೆದು, ಬಿಳಿ ಗೆರೆ ಎಳೆದು, ತಿರುಪಿಗೆ ಮುಚ್ಚಳ ಹಾಕಿ ಕೊಟ್ಟರು. ಗಿರಾಕಿಗಳಿಗೆಲ್ಲ ಹೇಳುವ ಮಾತನ್ನು ಅವನಿಗೂ ಹೇಳಿದರು: "ಕಾಡಿನಾಗ ಕೆಂಪು ಹಾಕಬ್ಯಾಡ, ಬಿಳಿ ಹಾಕಬ್ಯಾಡ, ನೀಲಿ ಹಾಕಬ್ಯಾಡ. ಗಂಡು ಟರ್ಕಿಗೆ ನೆತ್ತಿ ಬಿಳಿ, ಮಾರಿ ನೀಲಿ, ಕುತ್ತಿಗಿ ಕೆಂಪು. ದೂರದಾಂವ ನಿನ್ನನ್ನ ಕೋಳಿ ಅಂತ ತಿಳೀತಾನ."

ಏಪ್ರಿಲ್‌ನಲ್ಲಿ ರಘುನಂದನ ಫೋನ್ ಮಾಡಿದ. ಮ್ಯಾನೇಜರನ ಮುಂದೆ ಮರ್ಯಾದೆ ಹೋಗದಿರಲಿ ಎಂದು ಮೊದಲೇ ಒಮ್ಮೆ ಆಸ್ಟಿನ್‌ನ ಪಶ್ಚಿಮಕ್ಕಿರುವ ಒಂದು ರಾಂಚಿನ ಗುಡ್ಡಗಾಡಿನಲ್ಲಿ ಬೇಟೆಯ ಅಭ್ಯಾಸ ಮಾಡಬೇಕಂತೆ, ಅಂಕಲ್ ಜೊತೆಗೆ ಬರಬೇಕಂತೆ. ಶಿವಪುತ್ರಪ್ಪ ಬೇಟೆಗೆ ಒಮ್ಮೆಯೂ ಹೋದವರಲ್ಲ. ಆದರೆ ಬೆಳಗಿನ ಮಬ್ಬಿನಲ್ಲಿ ಆ ಚುಕ್ಕೆ ಕಣ್ಣು ಕುಕ್ಕುತ್ತದೋ ಇಲ್ಲವೋ ಎಂಬ ಕುತೂಹಲ ಅವರನ್ನು ಎಬ್ಬಿಸಿಕೊಂಡು ಹೋಯಿತು. ಶಕುಂತಲಾ ಫ್ಲಾಸ್ಕ್ ತುಂಬ ಚಹಾ ಕೊಟ್ಟರು.

ಬೆಳಕು ಹರಿಯುವ ಹೊತ್ತಿಗೆ ರಘುನಂದನ ಒಂದು ಓಕ್ ಮರಕ್ಕೆ ಒರಗಿ ಕುಳಿತ. ಚುಕ್ಕೆಯನ್ನು ನೋಡಿ, ಅದರ ಬೆಳಕನ್ನು ಸಾಕಷ್ಟು ಮಂದಮಾಡಿ ಕೊಟ್ಟು, ಶಿವಪುತ್ರಪ್ಪ ತಾವು ಬಂದಿದ್ದ ಟ್ರಕ್ಕಿನ ಹತ್ತಿರ ಹಿಂತಿರುಗಿದರು. ಎಲ್ಲಿದ್ದರೂ ಪೂಜೆ ತಪ್ಪಿಸದವರು. ಬಾಟಲಿ ನೀರಲ್ಲಿ ಮುಖ ತೊಳೆದು, ಟ್ರಕ್ಕಿನ ಹಿಂದೆ ಟವೆಲು ಹಾಸಿ ಕುಳಿತು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸಿದರು. ಬೋಳು ನೆತ್ತಿಯವರೆಗೂ ಹಸಿ ವಿಭೂತಿ. ಲಿಂಗವನ್ನು ಎಂದಿನಂತೆ ಕೆಂಪು ರೇಷ್ಮೆ ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡರು. ಪಾಪ, ಹುಡುಗ ಚಳಿಯಲ್ಲಿ ಕೂತಿದ್ದಾನೆ, ಚಹಾ ಕೊಟ್ಟು ಬರೋಣವೆಂದು ಫ್ಲಾಸ್ಕನ್ನು ಕಂಕುಳಲ್ಲಿಟ್ಟುಕೊಂಡು, ಕೋಳಿ ಬೆದರಬಾರದೆಂದು ಬಗ್ಗಿ, ಸದ್ದಿಲ್ಲದೆ ಸೀಡರ್ ಪೊದೆಗಳ ನಡುವೆ ನಡೆದರು.

ನಲವತ್ತು ಹೆಜ್ಜೆ ದೂರದಲ್ಲಿ ರಘುನಂದನ ಕಂಡದ್ದೇನು? ಪೊದೆಯ ಸಂದಿನಲ್ಲಿ ತೂಗಾಡುವ ಬಿಳಿ ನೆತ್ತಿ, ಅದರ ಕೆಳಗೆ ಕೆಂಪು ಕುತ್ತಿಗೆ. ಚುಕ್ಕೆಯನ್ನು ಬಿಳಿಯ ಮೇಲೆ ಇಟ್ಟ. ಒತ್ತಿದ.

ಸದ್ದಿಗೆ ಗುಡ್ಡವೇ ಬೆಚ್ಚಿತು. ಪಕ್ಕದ ಸೀಡರಿನ ತೊಗಟೆ ಸಿಡಿದು ಶಿವಪುತ್ರಪ್ಪನವರ ಕೆನ್ನೆಗೆ ಬಡಿಯಿತು. ಪಕ್ಕೆಯಿಂದ ತೊಡೆಗೆ ಬಿಸಿಯಾದದ್ದು ಹರಿಯಿತು. ರಕ್ತ ಎಂದುಕೊಂಡು ಕುಸಿದು ಕುಳಿತರು. ಮುಟ್ಟಿ ನೋಡಿದರು. ಶುಂಠಿಯ ವಾಸನೆ. ಚಹಾ.

"ಶಿವನಽ!" ಎಂಬ ಕೂಗು ಕೇಳಿದ್ದೇ ರಘುನಂದನನ ಕೈಯಿಂದ ಕೋವಿ ಜಾರಿತು. ಕೋಳಿ ಕನ್ನಡದಲ್ಲಿ ಕೂಗಿತ್ತು! ಬಿದ್ದೆದ್ದು ಓಡಿ ಬಂದ. "ಅಂಕಲ್... ಅಂಕಲ್, ನೀವಾ? ಕೊಂದ್ಬಿಟ್ನಾ ನಿಮ್ಮನ್ನ?" ಎಂದು ಅವರ ಮೈಯೆಲ್ಲ ತಡವಿದ.

ಶಿವಪುತ್ರಪ್ಪ ಮರವನ್ನು ನೋಡಿದರು. ತಮ್ಮ ತಲೆಯಿಂದ ಒಂದೂವರೆ ಗೇಣು ಪಕ್ಕಕ್ಕೆ ತೊಗಟೆ ಜರಡಿಯಾಗಿತ್ತು. ದಾರಿತಪ್ಪಿದ ಒಂದು ಚರೆ ಮಾತ್ರ ಫ್ಲಾಸ್ಕಿಗೆ ಬಡಿದಿತ್ತು. ಸತ್ತು ಹುಟ್ಟಿದ ಮನುಷ್ಯ ಆಗ ಕೇಳಿದ ಮಾತು ಏನು ಗೊತ್ತೇ?

"ಚುಕ್ಕಿ ಎಲ್ಲಿ ಇಟ್ಟಿದ್ದಿ?"

"ತಲೆ ಮೇಲೆ ಅಂಕಲ್. ಕ್ಷಮಿಸಿ ಅಂಕಲ್..."

"ತಲಿ ಮ್ಯಾಗ ಇಟ್ರ ಪಕ್ಕಕ್ಕ ಯಾಕ ಹೋತು?"

"ಅಂಕಲ್! ಅದಾ ಈಗ?"

"ಅದಽ. ನಾ ಕೂರಿಸಿದ್ದದು. ತಾ ಇಲ್ಲಿ."

ಗುಂಡುಗಳನ್ನೆಲ್ಲ ತೆಗೆಸಿ ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡರು. ಇಪ್ಪತ್ತೆರಡು ವರ್ಷ ದುರ್ಬೀನು, ಒಂಬತ್ತು ವರ್ಷ ಕೋವಿ. ಕೈ ತಪ್ಪಿತೆ? ತಪ್ಪಿದರೆ ಇನ್ನೆಷ್ಟು ಕೋವಿಗಳಲ್ಲಿ ತಪ್ಪಿದೆಯೋ? ತಿರುಪಿನ ಮುಚ್ಚಳಕ್ಕೆ ಕೈ ಹಾಕಿದರು. ತೆಗೆದರೆ ಗಮ್ಮೆಂದು ಗಂಧದ ವಾಸನೆ! ತಿರುಪು ಬಿಳಿ ಗೆರೆಯನ್ನು ಬಿಟ್ಟು ಬಹುದೂರ ತಿರುಗಿತ್ತು. ಅಂಚಿನಲ್ಲಿ ಕುಂಕುಮ ಒಣಗಿತ್ತು.

"ಇದನ್ನ ಯಾರು ಬಿಚ್ಚಿದ್ರು?"

ರಘುನಂದನ ಫ್ರಿಸ್ಕೋಗೆ ಫೋನ್ ಹಚ್ಚಿದ. ಊರಿಂದ ಬಂದಿದ್ದ ಅವನ ತಾಯಿ ಚಂದ್ರಮ್ಮ ಎತ್ತಿದರು. "ಹೂಂ ಕಣಪ್ಪ, ನಾನೇ. ಹೊಸಾ ಆಯುಧ, ಪೂಜೆ ಮಾಡ್ದೆ ಕಳಿಸ್ತಾರಾ? ಕಾರಿಗೆ ಮಾಡಿರ್ಲಿಲ್ವಾ? ಎಲ್ಲಾ ಕಡೆ ಗಂಧ ಕುಂಕುಮ ಇಟ್ಟೆ. ಆ ಪುಟಾಣಿ ಮುಚ್ಚಳದೊಳಗೂ ಇಟ್ಟೆ. ಆಮೇಲೆ ನೀನು ಬೈತೀಯ ಅಂತ ಒಂದು ನಾಣ್ಯ ತಗೊಂಡು ಒಳಗಿನ ತಿರುಪಿನ ಗೀರಿನಲ್ಲಿ ಹಾಕಿ ಚೆನ್ನಾಗಿ ಕೆರೆದು ತೆಗೆದೆ. ತಿರುಗ್ತು, ಬಿಟ್ಟೆ. ಯಾಕೋ, ಕೋಳಿ ಸಿಗ್ಲಿಲ್ವಾ?"

ರಘುನಂದನ ಫೋನಿಟ್ಟ.

"ಅಂದ್ರ ನನ್ನ ಕೈ ತಪ್ಪಿರಲಿಲ್ಲ!" ಎಂದು ಶಿವಪುತ್ರಪ್ಪ ಹಿಗ್ಗಿ ನಕ್ಕರು. ನಗು ಅರ್ಧಕ್ಕೇ ನಿಂತಿತು. ಕೈ ತಪ್ಪಿರಲಿಲ್ಲ. ಚಂದ್ರಮ್ಮ ಮುಟ್ಟದೆ ಇದ್ದಿದ್ದರೆ, ತಾವೇ ಕೂರಿಸಿದ ಚುಕ್ಕೆ ತಮ್ಮದೇ ಹಣೆಯ ನಟ್ಟನಡುವೆ ನಿಲ್ಲುತ್ತಿತ್ತು. ಯಾವುದಕ್ಕೆ ಹಿಗ್ಗಿದೆ ನಾನು? ಕೊರಳಿನ ಕೆಂಪು ವಸ್ತ್ರದ ಮೇಲೆ ಕೈ ಹೋಯಿತು, ಹಣೆಗೆ ಹೋಯಿತು. ಬೆರಳಿಗೆ ಬಿಳಿ ಹತ್ತಿತು. ಊರಿಗೆಲ್ಲ ಹೇಳಿದ ಮಾತು ತಮಗೇ ನೆನಪಾಗಿರಲಿಲ್ಲ, ಏಕೆಂದರೆ ಆ ವಿಭೂತಿ, ಆ ವಸ್ತ್ರ ಅವರಿಗೆ ಬಣ್ಣವೇ ಆಗಿರಲಿಲ್ಲ. ಐವತ್ತು ವರ್ಷದ ಮುಖವಾಗಿತ್ತು.

ಮನೆಯಲ್ಲಿ ಹೇಳಲಿಲ್ಲ. ಎರಡು ದಿನದ ಮೇಲೆ ಫ್ಲಾಸ್ಕಿನ ತೂತು ಹೇಳಿತು. ನರ್ಸಿನ ಕಣ್ಣು, ಚರೆಯ ಗಾಯ ಗೊತ್ತಾಗದೆ ಇರುತ್ತದೆಯೆ? ಶಕುಂತಲಾ ಫ್ಲಾಸ್ಕನ್ನು ಬೆಳಕಿಗೆ ಹಿಡಿದವರು ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟರು.

"ಆ ಅಂಗಡಿ ಬಿಡ್ರಿ" ಎಂದರು ಕೊನೆಗೆ.

"ಬಿಟ್ಟೇನಿ" ಎಂದರು ಇವರು. ಆಗಲೇ ಬಿಟ್ಟು ಬಂದಿದ್ದರು. ಬೇಟೆಯ ಮರುದಿನ ಅಂಗಡಿಯಲ್ಲಿ ಒಂದು ಗಾಜು ಕೂರಿಸಿದ್ದರಂತೆ. ಕೈ ಎಂದಿನಂತೆಯೇ ನಿಖರ. ಬಿಳಿ ಗೆರೆ ಎಳೆಯಲು ಸೂಜಿ ಎತ್ತಿದಾಗ ಮಾತ್ರ ಗಾಜಿನಲ್ಲಿ ತಮ್ಮ ನೆತ್ತಿ ಕಂಡಿತಂತೆ. ಸೂಜಿ ಇಳಿಸಿ ಎದ್ದರಂತೆ.

ಅಂದಿನಿಂದ ಅವರಿಗೊಂದು ಹೊಸ ಅಭ್ಯಾಸ ಹತ್ತಿತು. ಮನೆಯಿಂದ ಹೊರಗೆ ಕಾಲಿಡುವ ಮುನ್ನ ಹೊಸ್ತಿಲಲ್ಲಿ ನಿಂತು, "ನಾ ಬರಾಕತ್ತೇನಿ!" ಎಂದು ಗಟ್ಟಿಯಾಗಿ ಕೂಗುವರು. ಕಸದ ಡಬ್ಬಿ ಇಡಲು ಬಂದರೂ ಅಷ್ಟೆ. ಪಕ್ಕದಿಂದ ಲಕ್ಷ್ಮೀನಾರಾಯಣ, "ಬನ್ನಿ ಸಾರ್, ಕೋಳಿ ಅಲ್ಲ ಅಂತ ಗೊತ್ತು" ಎನ್ನುವರು. ಬೀದಿ ನಗುವುದು. ಅವರೂ ನಗುವರು, ಆದರೆ ಕೂಗುವುದನ್ನು ಬಿಡಲಿಲ್ಲ.

ಆಗಸ್ಟ್‌ನಲ್ಲಿ ಆಸ್ಟಿನ್‌ನಲ್ಲಿ ಸರ್ವೆ ದುರ್ಬೀನು ರಿಪೇರಿಯ ಕೆಲಸ ಸಿಕ್ಕಿತು, ಅಲ್ಲಿಗೇ ಶಿಫ್ಟ್ ಆದರು. ಸಾಮಾನು ತುಂಬಿದ ಲಾರಿ ಮುಂದೆ ಹೋಗಿತ್ತು. ನಾವೆಲ್ಲ ಅವರ ಹುಲ್ಲಿನ ಮೇಲೆ ನಿಂತಿದ್ದೆವು.

"ಆ ತೂತು ಫ್ಲಾಸ್ಕ್ ಒಗೀರಿ ಇನ್ನ" ಎಂದು ಒಳಗೆ ಶಕುಂತಲಾ ಹೇಳುತ್ತಿದ್ದದ್ದು ಕೇಳಿಸಿತು.

"ಇರ್ಲಿ. ನನ್ನ ಪಾಲಿನ ಗುಂಡು ಅದಕ್ಕ ಬಿದ್ದೈತಿ."

ಖಾಲಿ ಮನೆಯ ಬಾಗಿಲು ತೆರೆಯಿತು. ಫ್ಲಾಸ್ಕ್ ಕಂಕುಳಲ್ಲಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಅದೇ ಕೆಂಪು ವಸ್ತ್ರ. ಹೊಸ್ತಿಲಲ್ಲಿ ನಿಂತರು.

"ನಾ ಬರಾಕತ್ತೇನಿ!"

ಎಲ್ಲರೂ ಲಕ್ಷ್ಮೀನಾರಾಯಣರ ಕಡೆ ನೋಡಿದೆವು. ಅವರು ಬಾಯಿ ತೆರೆದರು, ತಮಾಷೆ ಬರಲಿಲ್ಲ.

"ಬನ್ನಿ ಸಾರ್" ಎಂದರು. "ನೋಡ್ತಾ ಇದೀವಿ, ಬನ್ನಿ."

ಶಿವಪುತ್ರಪ್ಪ ಹೊಸ್ತಿಲು ದಾಟಿದರು.