ಫ್ರೆಂಚ್ ಹಲ್ಲುನೋವು

ಮಂಗಳವಾರ ಸುಗಟೂರಿನಿಂದ ಕೋಲಾರಕ್ಕೆ ಹೊರಟ ಬಸ್ಸಿನಲ್ಲಿ ನಾನು ಗದ್ದದ ಕೆಳಗೆ ಕೈಯಿಟ್ಟು ನಿಂತಿದ್ದೆ. ಫ್ರೆಂಚ್ ಮೌಖಿಕ ಪರೀಕ್ಷೆಗೆ ಒಂದು ಗಂಟೆಯಷ್ಟೇ ಉಳಿದಿತ್ತು. ಗದ್ದ ಎಷ್ಟು ಸಲ ಇಳಿಯುತ್ತದೋ ಪದಕ್ಕೆ ಅಷ್ಟು ತುಂಡು ಎಂಬುದು ನಮ್ಮ ಮೇಡಂ ಕಲಿಸಿದ ಮಹಾವಿದ್ಯೆ. ಶೋ-ಕೊ-ಲಾ, ಅಂದರೆ ಚಾಕೊಲೇಟ್, ಮೂರು. ಕೊನೆಯ 'ಟಿ' ಅಕ್ಷರ ಬರೆಯುವುದಕ್ಕೆ ಮಾತ್ರ, ಹೇಳುವುದಕ್ಕಲ್ಲ. ಪಟ್ಟಿಯ ಮೂವತ್ತು ಪದಗಳನ್ನು ಹೀಗೇ ಎಳೆದೆಳೆದು ಹೇಳಿಕೊಳ್ಳುತ್ತಾ ಹದಿನೇಳನೆಯದಕ್ಕೆ ಬಂದಾಗ, ಹುರುಳಿಕಾಯಿ ಚೀಲ ಹಿಡಿದು ಕೂತಿದ್ದ ಹೆಂಗಸೊಬ್ಬರು ಎದ್ದರು.

"ಹಲ್ಲುನೋವಾ? ಎಷ್ಟೊತ್ತಂತ ನರಳ್ತೀಯಪ್ಪಾ, ಕೂತ್ಕೋ. ಕೀಳಿಸ್ಬಿಡು, ಪೀಡೆ ಹೋಗ್ತದೆ."

ನಿಜ ಹೇಳಿದರೆ ಸೀಟು ಹೋಗುತ್ತದೆ. ಹೂಂ ಎಂದು ಕೂತು, ಉಳಿದ ಹದಿಮೂರು ಪದಗಳನ್ನೂ ಆರಾಮವಾಗಿ ನರಳಿದೆ.

ಇಪ್ಪತ್ತಕ್ಕೆ ಹದಿನೆಂಟು ಬಂತು. ಉಚ್ಚಾರಣೆ ಬಹಳ ಸಹಜವಾಗಿದೆಯಂತೆ. ಅಂಕವನ್ನು ಡೈರಿಯಲ್ಲಿ ಬರೆದೆ. ಕೋಲಾರದವರೆಗೂ ಚೀಲ ಹೊತ್ತು ನಿಂತೇ ಬಂದ ಆ ಅಮ್ಮನನ್ನು ಯಾವ ಲೆಕ್ಕದಲ್ಲಿ ಬರೆಯಬೇಕೋ ಇನ್ನೂ ತಿಳಿದಿಲ್ಲ.