ಹುಣಸೆಹಣ್ಣಿನಲ್ಲಿ ಉಜ್ಜಿದ ಬೀಗದ ಕೈಗಳು

ಮೊನ್ನೆ ಮೊಮ್ಮಗಳಿಗೆಂದು ಬಜೆ ತೇಯುತ್ತಿದ್ದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ತೂಬಗೆರೆಯ ನಮ್ಮ ಹಳೆಯ ಮನೆ ಕಣ್ಣ ಮುಂದೆ ಬಂತು. ಅಲ್ಲಿ ರಾಗಿ ತುಂಬಿಡುವ ಆಳೆತ್ತರದ ಮಣ್ಣಿನ ವಾಡೆಗಳ ಹಿಂದೆ ಒಂದು ಗಿಡ್ಡ ಬಾಗಿಲಿತ್ತು. ಅದರಾಚೆ ತಾತನ ಪುಸ್ತಕಗಳು. ಓದಲು ಒಯ್ದವರು ಒಬ್ಬರೂ ಹಿಂದಿರುಗಿಸುವುದಿಲ್ಲವೆಂದು ಸಿಟ್ಟಾಗಿ ಅಲ್ಲಿ ಬಚ್ಚಿಟ್ಟಿದ್ದರಂತೆ. ನಾನು ಹುಟ್ಟುವ ಮೊದಲೇ ಅವರು ತೀರಿಹೋಗಿ, ಆ ಕೋಣೆಯ ಮೂರು ಹಿತ್ತಾಳೆ ಬೀಗದ ಕೈಗಳು ಅಜ್ಜಿಯ ಸೊಂಟ ಸೇರಿದ್ದವು.

ಅಜ್ಜಿಗೆ ಓದು ಬಾರದು. ಆದರೂ ಆಯುಧಪೂಜೆಗೆ ಅವನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಕುಂಕುಮ ಇಟ್ಟು ಪೂಜೆ ಮಾಡುತ್ತಿದ್ದಳು. ಹಬ್ಬ ಕಳೆದ ಮರುದಿನ ಬಾಗಿಲು ತೆಗೆದು, ಪುಸ್ತಕಗಳನ್ನೆಲ್ಲ ಅಂಗಳದ ಬಿಸಿಲಿಗೆ ಹರವಿ, ಹುಳು ಹಿಡಿಯದಿರಲೆಂದು ನಡುವೆ ಹೊಸ ಬಜೆ ಬೇರು ಇಡುವುದು ಅವಳ ಪದ್ಧತಿ. ಪುಟಗಳ ಅಂಚಿನಲ್ಲಿ ತಾತ ಏನೇನೋ ಗೀಚಿದ್ದರು. “ಅದೇನ್ ಬರ್ದವ್ರೆ, ಓದವ್ವ,” ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು. ‘ಇಂದು ಅವಳಿಗೆ ಕೋಪ. ಮುದ್ದೆ ತುಂಬ ಗಂಟು. ಸುಮ್ಮನೆ ನುಂಗಿದೆ’ ಎಂದು ನಾನು ಓದಿದರೆ, ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಗಂಡ ಬದುಕಿದ್ದಾಗ ಬಾಯಿಬಿಟ್ಟು ಆಡದ ಮಾತುಗಳು ಅವಳಿಗೆ ಅಲ್ಲಿ ಸಿಗುತ್ತಿದ್ದವು. ನಾನೋ, ಒಂದು ಗಳಿಗೆ ಕೂತರೆ ಹೆಚ್ಚು.

“ಮಿಕ್ಕಿದ್ದು ಮುಂದಿನ್ ಹಬ್ಬಕ್ಕೆ ಓದ್ತೀನಿ ಕಣಜ್ಜಿ.”

“ಆಗ್ಲಿ ಬಿಡವ್ವ, ಅವೆಲ್ಲೋಯ್ತವೆ.”

ಹಾಗೆ ಎಷ್ಟು ಹಬ್ಬ ಕಳೆದವೋ. ನನ್ನನ್ನು ದೊಡ್ಡಬಳ್ಳಾಪುರಕ್ಕೆ ಮದುವೆ ಮಾಡಿಕೊಟ್ಟರು. ಹಾಸಿಗೆ ಹಿಡಿದ ಅಜ್ಜಿ ಒಂದು ದಿನ ಬೀಗದ ಕೈಗಳನ್ನು ಬಿಚ್ಚಿ ನನ್ನ ಅಂಗೈಗಿಟ್ಟು, “ನೀನೇ ಓದ್ದೋಳು, ನೀನೇ ನೋಡ್ಕೊ,” ಎಂದಳು. ಅವಳು ಹೋದ ಮೇಲೆ ನಾನು ಒಂದು ವರ್ಷವೂ ತಪ್ಪಿಸಲಿಲ್ಲ: ಹುಣಸೆಹಣ್ಣು, ಕುಂಕುಮ, ಮೇಲೊಂದು ಸೇವಂತಿಗೆ. ಪೂಜೆ ನಮ್ಮ ಮನೆಯಲ್ಲೇ ಮುಗಿಯುತ್ತಿತ್ತು. ಬಸ್ಸು ಹತ್ತಿದರೆ ಒಂದು ಗಂಟೆಯೂ ಹಿಡಿಯದ ಊರಿಗೆ ‘ಬಿಡುವಾದಾಗ ಹೋದರಾಯಿತು’ ಎಂದುಕೊಳ್ಳುತ್ತಲೇ ಹನ್ನೊಂದು ಹಬ್ಬ ಕಳೆದೆ. ಎಂಥ ಸೋಮಾರಿ ಭಕ್ತಿ ನನ್ನದು!

ಮನೆ ಕೆಡವುತ್ತಿದ್ದೇವೆ ಎಂದು ಚಿಕ್ಕಪ್ಪ ಫೋನ್ ಮಾಡಿದಾಗ ಓಡಿದೆ. ಮೂರು ಬೀಗಗಳೂ ಒಂದೊಂದೇ ತಿರುವಿಗೆ ತೆರೆದವು. ಒಳಗೆ ಪುಸ್ತಕಗಳು ಸಾಲಾಗಿ ನಿಂತೇ ಇದ್ದವು. ಒಂದನ್ನು ಎಳೆದೆ, ರಟ್ಟು ಕೈಗೆ ಬಂತು, ಮಿಕ್ಕದ್ದು ಗೆದ್ದಲು ಮಣ್ಣಾಗಿ ಕಾಲ ಮೇಲೆ ಉದುರಿತು. ಮಣ್ಣಿನಲ್ಲಿ ಕೈಯಾಡಿಸಿ ಹುಡುಕಿದೆ, ತಾತನ ಒಂದಕ್ಷರವೂ ಸಿಗಲಿಲ್ಲ. ಅವಳಿಗೆ ಓದಿ ಹೇಳದೆ ಬಿಟ್ಟ ಪುಟಗಳಲ್ಲಿ ಅವಳ ಬಗ್ಗೆ ಇನ್ನೇನೇನು ಬರೆದಿದ್ದರೋ. ಅಲ್ಲೇ ವಾಡೆಗೆ ಒರಗಿ ಕೂತು ಅತ್ತೆ.

ಬೀಗದ ಕೈಗಳಿಗೆ ಇಂದಿಗೂ ಒಂದು ಚುಕ್ಕೆ ಕಿಲುಬಿಲ್ಲ. ಹಬ್ಬಕ್ಕೆ ಉಜ್ಜಿ ಪೂಜೆಗಿಡುತ್ತೇನೆ. ಮರುದಿನ ಮಾಡಲು ಕೆಲಸವಿರುವುದಿಲ್ಲ.