ಆಯ್ಕೆಪಟ್ಟಿಯ ಮೊದಲ ಸಾಲು

ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವಳು ನಾನು. ಯಾರು ಎಷ್ಟು ಹೊತ್ತಿಗೆ ಗೇಟಿನ ಒಳಗೆ ಬಂದರು, ಯಾರು ಎಷ್ಟು ನಿಮಿಷ ತಡ, ಬಡ್ತಿಗೆ ಯಾರ ಹೆಸರು ಮೊದಲು, ಯಾರದು ಆಮೇಲೆ, ಇವನ್ನೆಲ್ಲ ಪಟ್ಟಿ ಮಾಡುವುದು ನನ್ನ ಕೆಲಸ. ನಾನು ತಯಾರಿಸಿದ ಜ್ಯೇಷ್ಠತಾ ಪಟ್ಟಿಯಲ್ಲಿ ಯೂನಿಯನ್ನಿನವರಿಗೂ ತಪ್ಪು ಸಿಗುತ್ತಿರಲಿಲ್ಲ. ನಿವೃತ್ತಿಯ ನಂತರವೂ ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ಏಳೂವರೆಗೆ ತಿಂಡಿ ತಪ್ಪಲಿಲ್ಲ. ಸುತ್ತಮುತ್ತಲಿನ ಪಿಯುಸಿ ಮಕ್ಕಳಿಗೆ ಕಾಲೇಜು ಸೇರುವ ವಿಷಯದಲ್ಲಿ ನೆರವಾಗಲು ಯಾರಾದರೂ ಬೇಕು ಎಂದು ನಮ್ಮ ಕಾಲೊನಿಯ ಸಂಘದವರು ಕೇಳಿದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನಾನು ಮರುದಿನವೇ ಒಂದು ನೋಟ್‌ಬುಕ್ ಕೊಂಡು ಗೆರೆ ಎಳೆದೆ.

ಸಂಘದ ಕೋಣೆ ನಮ್ಮ ಬ್ಲಾಕಿನ ಕೆಳಗಿದೆ. ಒಂದು ಕ್ಯಾರಂ ಬೋರ್ಡು, ಒಂದು ಹಳೆಯ ಕಂಪ್ಯೂಟರ್, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಮಂಗಳವಾರ, ಗುರುವಾರ ಮಧ್ಯಾಹ್ನ ಎರಡರಿಂದ ಮೂರೂವರೆ. ಬರುತ್ತಿದ್ದ ಹತ್ತು ಹನ್ನೆರಡು ಮಕ್ಕಳು ಕೋಡಿಹಳ್ಳಿ, ಮುರುಗೇಶಪಾಳ್ಯದ ವಠಾರಗಳವರು. ಡ್ರೈವರು, ಸೆಕ್ಯುರಿಟಿ, ಗಾರೆ ಕೆಲಸದವರ ಮಕ್ಕಳು. ಅವರ ಮಟ್ಟಿಗೆ ಡಿಗ್ರಿ ಕಾಲೇಜು ಎಂದರೆ ಬಸ್ಸಿನ ಕಿಟಕಿಯಿಂದ ಕಂಡ ಗೇಟು. ಎರಡಕ್ಕೆ ಸರಿಯಾಗಿ ಬಾಗಿಲು ತೆಗೆಯುತ್ತಿದ್ದೆ, ಎರಡು ಐದಕ್ಕೆ ಹಾಜರಿ. ನನ್ನ ಬೆನ್ನ ಹಿಂದೆ ಅವರು ನನ್ನನ್ನು 'ಸೈರನ್ ಮೇಡಂ' ಎನ್ನುತ್ತಿದ್ದರೆಂದು ಗೊತ್ತಿತ್ತು. ಬೇಸರವೇನೂ ಆಗಿರಲಿಲ್ಲ. ಹೊಗಳಿಕೆ ಎಂದೇ ತಿಳಿದಿದ್ದೆ.

ಆ ಮಕ್ಕಳಲ್ಲಿ ಒಬ್ಬ ಹುಡುಗಿ. ಯಾದಗಿರಿ ಕಡೆಯವರು, ಅವಳಿಗೆ ಮೂರು ವರ್ಷವಿದ್ದಾಗ ಇಲ್ಲಿಗೆ ಬಂದರಂತೆ. ತಂದೆ ಗೌಂಡಿ, ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಹೋಗುವವರು. ತಾಯಿ ಬೆಳಗ್ಗೆ ಮೂರು ಮನೆಗಳಲ್ಲಿ ಕೆಲಸ ಮುಗಿಸಿ, ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಒಂದು ಪಿ.ಜಿ.ಯಲ್ಲಿ ಚಪಾತಿ ಲಟ್ಟಿಸುತ್ತಿದ್ದರು. ಎರಡನೇ ಕ್ಲಾಸಿನ ತಂಗಿಯೊಬ್ಬಳಿದ್ದಳು. ಒಂದೇ ಕೋಣೆಯ ಮನೆ. ವಠಾರದಲ್ಲಿ ಯಾರಿಗೆ ಮೈ ಸರಿಯಿಲ್ಲದಿದ್ದರೂ ಮಾತ್ರೆಯ ಹಾಳೆ ಹಿಡಿದು ಈ ಹುಡುಗಿಯ ಹತ್ತಿರ ಬರುತ್ತಿದ್ದರಂತೆ, ಯಾವುದು ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಓದಿಸಿಕೊಳ್ಳಲು. ಅವಳಿಗೆ ಫಾರ್ಮಸಿ ಓದಬೇಕೆಂಬ ಆಸೆ ಹುಟ್ಟಿದ್ದು ಅಲ್ಲಿಂದ.

"ಇವ್ಳು ನಮ್ ಕ್ಲಾಸ್ ಡಾಕ್ಟ್ರು ಮೇಡಂ," ಎಂದು ಅವಳ ಗೆಳತಿ ಛೇಡಿಸುತ್ತಿದ್ದಳು. "ತಲೆನೋವು ಅಂದ್ರೆ ಸಾಕು, ಮೊದ್ಲು ತಿಂಡಿ ತಿಂದ್ಯಾ ಅಂತ ಕೇಳ್ತಾಳೆ. ಫೀಸ್ ಮಾತ್ರ ಅರ್ಧ ಸಮೋಸ."

"ನಿಂಗೆ ಉದ್ರಿ ಇಲ್ಲ ಹೋಗೇ," ಎನ್ನುತ್ತಿದ್ದಳು ಇವಳು.

ಪರೀಕ್ಷೆ ಮುಗಿದ ಮೇಲೆ ಶನಿವಾರಗಳಲ್ಲಿ ಮಕ್ಕಳನ್ನು ಕಾಲೇಜು ನೋಡಲು ಕರೆದುಕೊಂಡು ಹೋಗುತ್ತಿದ್ದೆ. ಹೋಗುವ ಮುನ್ನ ಏನೇನು ಕೇಳಬೇಕೆಂದು ಬರೆಸುತ್ತಿದ್ದೆ: ಪ್ರಯೋಗಾಲಯ ಹೇಗಿದೆ, ಗ್ರಂಥಾಲಯ ಎಷ್ಟು ಹೊತ್ತು ತೆರೆದಿರುತ್ತದೆ, ಮುಗಿಸಿದವರು ಎಲ್ಲಿ ಕೆಲಸದಲ್ಲಿದ್ದಾರೆ. ಕೆ.ಆರ್. ಪುರದ ಕಡೆ ಒಂದು ಫಾರ್ಮಸಿ ಕಾಲೇಜಿಗೆ ಹೋದ ದಿನ ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸು ಅರ್ಧ ಗಂಟೆ ನಿಂತುಬಿಟ್ಟಿತು. ನನ್ನ ವೇಳಾಪಟ್ಟಿ ಕೆಟ್ಟು ನನಗೆ ಸಿಡುಕು. ಗೇಟಿನಲ್ಲಿ ಈ ಹುಡುಗಿ ನಾನು ಬರೆಸಿದ್ದೆಲ್ಲ ಬಿಟ್ಟು ಮೊದಲು ವಾಚ್‌ಮನ್ನನ್ನೇ ಕೇಳಿದಳು:

"ಅಣ್ಣಾ, ಇಲ್ಲಿ ಎಷ್ಟೊತ್ತಿಗೆ ಬಿಡ್ತಾರೆ?"

ಅವನು ನನ್ನ ಕಡೆ ನೋಡಿ ನಕ್ಕ. "ನೋಡಿ ಮೇಡಂ, ಇನ್ನೂ ಸೇರೇ ಇಲ್ಲ, ಆಗ್ಲೇ ಮನೆಗೋಗೋ ಟೈಮ್ ಕೇಳ್ತಾಳೆ!"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಕಾಲೇಜು ನೋಡಲು ಬಂದವರು ಕೇಳುವ ಪ್ರಶ್ನೆಯಾ ಇದು, ನಾಚಿಕೆಯಾಗಬೇಕು ಎಂದು ಅವರೆಲ್ಲರ ಎದುರಿಗೇ ಗದರಿದೆ. ಅವಳು ತಲೆ ತಗ್ಗಿಸಿದಳು. ಆದರೂ ಹೊರಡುವ ಮುನ್ನ ಆಫೀಸಿನ ಕಿಟಕಿಯಲ್ಲಿ ಅದನ್ನೇ ಇನ್ನೊಮ್ಮೆ ಕೇಳಿ ಬಂದದ್ದನ್ನು ಕಂಡೆ. ಮೂರು ಗಂಟೆಗೆ ಬಿಡುತ್ತಾರಂತೆ. ನಾಲ್ಕಕ್ಕೆ ಮನೆಯಲ್ಲಿರಬಹುದು. ತಾಯಿ ಬಾಗಿಲು ದಾಟುವ ಹೊತ್ತಿಗೆ ಇವಳು ಒಳಗೆ ಬರಬಹುದು. ಆ ಲೆಕ್ಕ ಅವಳ ಮುಖದಲ್ಲಿತ್ತು. ನನಗೆ ಓದಲು ಬರಲಿಲ್ಲ.

ಸಿಇಟಿ ಫಲಿತಾಂಶ ಬಂತು. ರ್‍ಯಾಂಕ್ ಬಂದವರು ತಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಒಂದರ ಕೆಳಗೊಂದು ತುಂಬಬೇಕು. ಕಂಪ್ಯೂಟರು ಆ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ. ನಿಮ್ಮ ರ್‍ಯಾಂಕಿಗೆ ಮೊದಲು ಯಾವುದು ಸಿಗುತ್ತದೋ ಅದೇ ನಿಮ್ಮದು. ಅದರ ಕೆಳಗೆ ಬರೆದದ್ದೆಲ್ಲ ಅಲ್ಲಿಗೆ ರದ್ದು. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಮೂರು ಸಲ ವಿವರಿಸಿದವಳು ನಾನೇ.

ಆ ಹುಡುಗಿ ತನ್ನ ಪಟ್ಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದು ತಂದಿದ್ದಳು. ಎರಡೇ ಸಾಲು. ಎರಡೂ ಫಾರ್ಮಸಿ, ಎರಡೂ ಕೆ.ಆರ್. ಪುರದ ಆಸುಪಾಸು.

"ಇಷ್ಟೇನಾ?" ಎಂದೆ.

"ಸಾಕು ಮೇಡಂ. ಇವೆರಡಕ್ಕೇ ನಂಗೆ ಹೋಗಕ್ಕಾಗೋದು."

ನಾನು ಹಿಂದಿನ ವರ್ಷದ ಕಟ್‌ಆಫ್ ಹಾಳೆಗಳನ್ನು ತೆಗೆದೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳು ಮೇಲೆ, ಆಮೇಲೆ ಫಾರ್ಮಸಿ. ಹೆಚ್ಚಿನದು ಮೇಲೆ, ಕಡಿಮೆಯದು ಕೆಳಗೆ. ಪಟ್ಟಿ ಎಂದರೆ ನನಗೆ ಬೇರೆ ಅರ್ಥವಿರಲಿಲ್ಲ. ಅವಳ ಎರಡು ಸಾಲನ್ನು ರಬ್ಬರಿನಿಂದ ಅಳಿಸಿ, ಮೇಲೆ ನಾಲ್ಕು ಎಂಜಿನಿಯರಿಂಗ್ ಬರೆದು, ಐದು ಮತ್ತು ಆರನೆಯದಾಗಿ ಅವಳವನ್ನು ಸೇರಿಸಿದೆ. ಮೊದಲ ಸಾಲಿನಲ್ಲಿ ಇಟ್ಟದ್ದು ಘಟ್ಟದ ಕೆಳಗಿನ ಊರೊಂದರ ಸರ್ಕಾರಿ ಕಾಲೇಜಿನ ಸಿವಿಲ್.

"ಮೇಡಂ, ಅದೇನಾದ್ರೂ ಸಿಕ್ಬಿಟ್ರೆ?"

"ನಿನ್ನ ರ್‍ಯಾಂಕಿಗೆ ಸಿಗೋದಿಲ್ಲ. ಸಿಕ್ಕರೆ ನಿನ್ನ ಪುಣ್ಯ."

"ಸಿಗಲ್ಲ ಅಂದ್ರೆ ಯಾಕ್ ಹಾಕೋದು?"

"ಕ್ರಮ ಅಂತ ಒಂದಿರುತ್ತೆ," ಎಂದೆ.

ಅಣಕು ಹಂಚಿಕೆ ಎಂದು ಮೊದಲೊಂದು ಬಿಡುತ್ತಾರೆ, ಸದ್ಯಕ್ಕೆ ಏನು ಸಿಗಬಹುದೆಂದು ತಿಳಿಯಲು. ಅದರಲ್ಲಿ ಅವಳಿಗೆ ಬಂದದ್ದು ಐದನೆಯದು, ಅವಳದೇ ಫಾರ್ಮಸಿ ಕಾಲೇಜು. ಅಣಕು ಹಂಚಿಕೆಯ ನಂತರ ಪಟ್ಟಿ ತಿದ್ದಲು ಎರಡು ದಿನ ಅವಕಾಶವಿತ್ತು. ಅವಳು ಎರಡನೇ ದಿನ ಬಂದಳು. ಬುಧವಾರ, ನಮ್ಮ ಕೋಣೆ ತೆರೆಯುವ ದಿನವಲ್ಲ. ಮನೆಯ ಬಾಗಿಲಿಗೇ ಬಂದು ಹೊರಗೆ ಚಪ್ಪಲಿ ಬಿಟ್ಟು ನಿಂತಳು.

"ಮೇಡಂ, ಮೇಲಿನ ನಾಲ್ಕನ್ನೂ ತೆಗೆದ್ಬಿಡಣ. ಹೆಂಗೂ ಸಿಗಲ್ವಲ್ಲ."

"ಹೇಗೂ ಸಿಗಲ್ಲ ಅಂದಮೇಲೆ ಇದ್ದರೇನು? ಒಮ್ಮೆ ಮಾಡಿದ ಪಟ್ಟಿಯನ್ನ ಪದೇ ಪದೇ ಮುಟ್ಟಬಾರದು. ಏನೋ ತೆಗೆಯಕ್ಕೆ ಹೋಗಿ ಏನೋ ಅಳಿಸಿಹೋಗುತ್ತೆ."

"ನಾನೇ ಮಾಡ್ಕೋತೀನಿ ಮೇಡಂ. ಪಾಸ್‌ವರ್ಡ್ ಕೊಟ್ರೆ..."

ಎಲ್ಲ ಮಕ್ಕಳ ಪಾಸ್‌ವರ್ಡನ್ನೂ ನನ್ನ ನೋಟ್‌ಬುಕ್ಕಿನಲ್ಲೇ ಇಟ್ಟುಕೊಂಡಿದ್ದೆ, ಅವರು ಕಳೆದುಕೊಂಡಾರೆಂದು. ಅದು ಕೆಳಗಿನ ಕೋಣೆಯ ಬೀರುವಿನಲ್ಲಿತ್ತು. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. "ನಾಳೆ ಗುರುವಾರ ಬಾ," ಎಂದೆ. ಗಡುವು ಅಂದೇ ಮುಗಿಯುತ್ತಿತ್ತು. ಅದು ನನಗೂ ಗೊತ್ತಿತ್ತು. ಅವಳು "ಸರಿ ಮೇಡಂ" ಎಂದು ಮೆಟ್ಟಿಲಿಳಿದು ಹೋದಳು. ಗುರುವಾರ ಬರಲಿಲ್ಲ.

ನಿಜವಾದ ಹಂಚಿಕೆಯಲ್ಲಿ ಅವಳಿಗೆ ಮೊದಲನೆಯದೇ ಬಂತು. ಆ ವರ್ಷ ಸಿವಿಲ್ ಕೇಳಿದವರು ಕಡಿಮೆಯಿದ್ದರೋ ಏನೋ, ಕಟ್‌ಆಫ್ ಅವಳ ರ್‍ಯಾಂಕಿನವರೆಗೆ ಇಳಿದುಬಂದಿತ್ತು. ಕೋಣೆಯಲ್ಲಿ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಬರೆಯಲೇಬೇಕಾದ ಮಾತೆಂದರೆ ಆ ಕ್ಷಣ ನನಗೂ ಹೆಮ್ಮೆಯಾಯಿತು. "ನೋಡಿದೆಯಾ?" ಎಂದು ಅವಳನ್ನೇ ಕೇಳಿದೆ.

ಅವಳು ಪರದೆಯನ್ನು ನೋಡುತ್ತಿದ್ದಳು. "ಫಾರ್ಮಸಿ ಏನಾಯ್ತು ಮೇಡಂ?"

ಅದು ರದ್ದಾಗಿತ್ತು. ಮೊದಲನೆಯದೇ ಸಿಕ್ಕವರಿಗೆ ಮುಂದಿನ ಸುತ್ತಿನಲ್ಲಿ ಕಾಯಲು ಏನೂ ಉಳಿಯುವುದಿಲ್ಲ. ಸೇರಬೇಕು, ಇಲ್ಲ ಬಿಡಬೇಕು.

ಭಾನುವಾರ ಅವಳ ತಂದೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವರ ಕಡೆ ಶಿಕ್ಷಕಿಯರನ್ನು ಕರೆಯುವಂತೆ ನನ್ನನ್ನು ಅಕ್ಕೋರೆ ಎಂದರು.

"ನಾ ಗೌಂಡಿ ಅಕ್ಕೋರೆ. ಸಿವಿಲ್ ಅಂದ್ರ ಏನಂತ ನನಗ ಗೊತ್ತದ. ಬಿಸಿಲಾಗ ನಿಂತು ನನ್ನಂಥವರಿಗಿ ಬೈಯೋ ಕೆಲಸ," ಎಂದು ಸ್ವಲ್ಪ ನಕ್ಕರು. "ಆಕಿ ಓದ್ತಾಳ, ಓದ್ಲಿ. ಬ್ಯಾಡ ಅನ್ನಂಗಿಲ್ಲ. ಆದ್ರ ಈಕಿ ಅಲ್ಲಿ ಹೋದ್ರ ಸಣ್ಣಾಕಿನ ಯಾರು ನೋಡ್ಬೇಕ್ರಿ? ನಾಕರಿಂದ ಒಂಬತ್ತ ತನಕ ಕೋಣ್ಯಾಗ ಒಬ್ಬಾಕಿನೇ. ನೀವೇ ಹೇಳ್ರಿ, ಯಾರು ನೋಡ್ಬೇಕು?"

ನಾನು ಸರ್ಕಾರಿ ಹಾಸ್ಟೆಲಿನ ವಿಷಯ ಹೇಳಿದೆ. ವಿದ್ಯಾರ್ಥಿವೇತನದ ಅರ್ಜಿ ತೋರಿಸಿದೆ. ಇಂಥ ಅವಕಾಶ ಮತ್ತೆ ಬರುವುದಿಲ್ಲ ಎಂದೆ. ಅವರು ಎಲ್ಲಕ್ಕೂ ತಲೆಯಾಡಿಸಿದರು, ಹಾಳೆಗಳನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು. "ಒಂದ್ ವರ್ಸ ಮನ್ಯಾಗ ಕುಂತ್ರ ಊರಾಗಿನ ಮಂದಿ ವರ ನೋಡ್ತಾರ್ರಿ. ಎಲ್ಲಾದ್ರೂ ಇಲ್ಲೇ ಕಾಲೇಜಿಗಿ ಹಚ್ತೀನಿ," ಎಂದು ಹೋದರು.

ಸೇರುವ ಕೊನೆಯ ದಿನ ದಾಟಿತು. ನನ್ನ ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ಎದುರು ಏನು ಬರೆಯಬೇಕೆಂದು ತಿಳಿಯದೆ ಆ ಚೌಕವನ್ನು ಖಾಲಿ ಬಿಟ್ಟೆ.

ಆಮೇಲೆ ಮೂರು ದಿನಕ್ಕೆ, ಸಂಜೆ ನಾಲ್ಕೂವರೆಗೆ, ಎಂದಿನಂತೆ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ. ನನ್ನ ಸಂಜೆ ಹೇಗೆಂದರೆ ನಾಲ್ಕಕ್ಕೆ ಕಾಫಿ, ಐದಕ್ಕೆ ಗಿಡಗಳಿಗೆ ನೀರು, ಆರಕ್ಕೆ ದೀಪ, ಏಳಕ್ಕೆ ವಾರ್ತೆ, ಒಂಬತ್ತಕ್ಕೆ ಮಲಗುವುದು. ಮನೆಯಲ್ಲಿ ನಾನೊಬ್ಬಳೇ. ಅವರ ವಠಾರ ನಮ್ಮ ಗೇಟಿನಿಂದ ಏಳು ನಿಮಿಷದ ದಾರಿ. ಯಾರು ನೋಡಬೇಕು ಎಂದು ಆ ಮನುಷ್ಯ ಎರಡು ಸಲ ಕೇಳಿದ್ದರು. ನಾನು ಅದನ್ನು ತಕರಾರು ಎಂದುಕೊಂಡೆ. ಅದು ನೇರವಾದ ಪ್ರಶ್ನೆಯಾಗಿತ್ತು. ಉತ್ತರ ನನ್ನ ಬಳಿ ಇತ್ತು. ಗಡಿಯಾರ ನೋಡುವುದರಲ್ಲೇ ಜೀವನ ಕಳೆದ ನನಗೆ ಸ್ವಂತ ಗಡಿಯಾರದಲ್ಲಿ ನಾಲ್ಕರಿಂದ ಒಂಬತ್ತರವರೆಗೆ ಐದು ತಾಸು ಖಾಲಿ ಇರುವುದು ಕಾಣಲಿಲ್ಲ.

ಆ ಚಿಕ್ಕವಳನ್ನು ಸಂಜೆ ನಾನು ಇಟ್ಟುಕೊಂಡಿದ್ದರೂ ಅಕ್ಕನಿಗೆ ಬೇಡದ ಸಿವಿಲ್ ಅಷ್ಟೇ ಸಿಗುತ್ತಿತ್ತು ಎಂದು ಒಮ್ಮೊಮ್ಮೆ ಸಮಾಧಾನ ಹೇಳಿಕೊಳ್ಳುತ್ತೇನೆ. ಈಗಲೂ ಮಂಗಳವಾರ, ಗುರುವಾರ ಕೋಣೆ ತೆರೆಯುತ್ತೇನೆ. ಪಾಸ್‌ವರ್ಡುಗಳನ್ನು ಮಕ್ಕಳೇ ಇಟ್ಟುಕೊಳ್ಳುತ್ತಾರೆ. ಕೆಲವರು ಕಳೆದುಕೊಳ್ಳುತ್ತಾರೆ, ಹುಡುಕಾಡುತ್ತಾರೆ. ಪಟ್ಟಿಯನ್ನು ಅವರೇ ತುಂಬುತ್ತಾರೆ. ಕೆಲವು ನನಗೆ ಹುಚ್ಚುತನವಾಗಿ ಕಾಣುತ್ತವೆ. ಕೇಳಿದರೆ ಮಾತ್ರ ಮಾತಾಡುತ್ತೇನೆ.

ಅವಳ ಮನೆಗೆ ಹೋಗಲು ನನಗೆ ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವಳು ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಸೇರಿದ್ದಳು, ವಿಜ್ಞಾನದ ಸೀಟುಗಳು ಮುಗಿದಿದ್ದವಂತೆ. ಬೆಳಗಿನ ತರಗತಿ, ಒಂದಕ್ಕೆ ಬಿಡುತ್ತಿದ್ದರು. ನಾನು ಹೋದಾಗ ಬಾಗಿಲಲ್ಲಿ ಕೂತು ತಂಗಿಯ ತಲೆ ಬಾಚುತ್ತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ತಂದಳು. ಪಕ್ಕದ ಮನೆಯ ಅಜ್ಜಿ ಮಾತ್ರೆಯ ಹಾಳೆಯೊಂದನ್ನು ಹಿಡಿದು ಬಂದು, ನನ್ನನ್ನು ಕಂಡು ಆಮೇಲೆ ಬರುತ್ತೇನೆಂದು ತಿರುಗಿದರು.

"ಇರ್ಲಿ ಅಜ್ಜಿ, ಕೊಡಿ," ಎಂದು ಇವಳು ಹಾಳೆ ಇಸಿದುಕೊಂಡು ಬೆಳಕಿಗೆ ಹಿಡಿದು ಓದಿದಳು. "ಇದು ರಾತ್ರಿ ಊಟ ಆದ್ಮೇಲೆ. ಅರ್ಧ ಮಾತ್ರೆ. ಪೂರ್ತಿ ನುಂಗ್ಬೇಡಿ."

ಅಜ್ಜಿ ಹೋದರು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಸರಿಯಾದ ಜಾಗಕ್ಕೆ ಕೂರಲಿಲ್ಲ. ಕೊನೆಗೆ, "ನಿನ್ನ ಪಟ್ಟಿಯೇ ಸರಿಯಿತ್ತು ಮಗೂ," ಎಂದೆ.

"ಗೊತ್ತು ಮೇಡಂ," ಎಂದಳು. ಸಿಟ್ಟಿನಿಂದಲ್ಲ. ತಂಗಿಯ ಕೂದಲನ್ನು ಮತ್ತೆ ಕೈಗೆ ತೆಗೆದುಕೊಂಡು ಮೂರು ಭಾಗ ಮಾಡಿ ಹೆಣೆಯತೊಡಗಿದಳು.